ಬ್ಲರ್ ಆದ ತಾತ

ಆಷಾಢದಲ್ಲಿ ನಮ್ಮ ಕಸುಬಿನೋರಿಗೆ ಕೆಲ್ಸ ಇರಲ್ಲ. ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ, ಕಲ್ಯಾಣ ಮಂಟಪದ ಗೇಟಿಗೆ ಬೀಗ. ಮಂಡ್ಯದಲ್ಲಿರೋ ನಮ್ಮ ಸ್ಟುಡಿಯೋ ಶಟರ್ ಅರ್ಧ ಎತ್ಕೊಂಡು, ಹಳೆ ಹಾರ್ಡ್ ಡಿಸ್ಕ್‌ಗಳ ಧೂಳು ಒರೆಸ್ಕೊಂಡು, ಲೆನ್ಸಿಗೇನಾದ್ರೂ ಫಂಗಸ್ ಹಿಡಿದಿದ್ಯಾ ಅಂತ ಟಾರ್ಚ್ ಬಿಟ್ಟು ನೋಡ್ತಾ ಕೂತಿರ್ತೀನಿ. ಆ ತಿಂಗಳಲ್ಲಿ ಫೋನ್ ಬಂತು ಅಂದ್ರೆ ಹೆಚ್ಚುಕಮ್ಮಿ ಒಂದೇ ವಿಷಯಕ್ಕೆ.

"ಹಲೋ, ಫೋಟೋದೋರಾ? ಅಣ್ಣ, 2014ರಲ್ಲಿ ನಮ್ಮಕ್ಕನ ಮದ್ವೆ ನೀವೇ ಮಾಡಿದ್ದು, ನೆನಪೈತಾ?"

ನೆನಪಿರಲ್ಲ. ಆದ್ರೂ "ಹ್ಞೂ, ಹೇಳಿ" ಅಂತೀನಿ.

"ನಮ್ಮ ತಾತ ಹೋಗ್ಬುಟ್ರು ಅಣ್ಣ, ಎಂಟು ದಿನ ಆಯ್ತು. ನಾಳಿದ್ದು ತಿಥಿ. ಆ ಮದ್ವೇಲಿ ತಾತಂದು ಒಂದ್ ಒಳ್ಳೆ ಫೋಟೋ ಇದ್ರೆ ನೋಡ್ತೀರಾ? ಬಿಳಿ ಪಂಚೆ ಉಟ್ಕೊಂಡಿದ್ರು, ತಲೆಗೆ ಟವಲ್ ಸುತ್ತಿದ್ರು."

ಬಿಳಿ ಪಂಚೆ, ತಲೆಗೆ ಟವಲ್. ಮಂಡ್ಯ ಜಿಲ್ಲೆ ಮದ್ವೇಲಿ ಇದು ಗುರುತಾ? ಸರಿ ಅಂತ ಡಿಸ್ಕ್ ಹುಡುಕಿ ಫೋಲ್ಡರ್ ತೆಗೆದೆ, ಮೂರು ಸಾವಿರಕ್ಕೂ ಜಾಸ್ತಿ ಫೋಟೋ, ಒಂದೊಂದೇ ತಿರುಗಿಸ್ತಾ ಹೋದೆ. ಮುಹೂರ್ತದ ಫ್ರೇಮಲ್ಲಿ ಹುಡುಗಿ ಓಲೆ ಹಿಂದೆ ಬೆಳ್ಳಗೆ ಏನೋ ಒಂದು, ಅದೇ ತಾತ ಇರ್ಬೇಕು. ಊಟದ ಮನೇಲಿ ಅರ್ಧ ಮುಖ, ಇನ್ನರ್ಧಕ್ಕೆ ಸಾಂಬಾರ್ ಬಕೆಟ್ ಹಿಡ್ಕೊಂಡೋನ ಕೈ ಅಡ್ಡ. ಒಂದ್ರಲ್ಲಿ ಮಾತ್ರ ಪೂರ್ತಿ ಕಾಣ್ತಾರೆ, ಆದ್ರೆ ಕಣ್ಣು ಮುಚ್ಕೊಂಡಿದಾರೆ. ತಿಥಿಗೆ ಕಣ್ಣು ಮುಚ್ಚಿರೋ ಫೋಟೋ ಕೊಡೋಕಾಗುತ್ತಾ!

ಆ ವರ್ಷ ನಾನು ಹೊಸದಾಗಿ 85 ಎಂಎಂ ಲೆನ್ಸ್ ತಗೊಂಡಿದ್ದೆ, ಎಫ್ 1.8. ಹಿಂದುಗಡೆ ಇರೋದೆಲ್ಲ ಬೆಣ್ಣೆ ಕರಗಿದಂಗೆ ಕರಗೋಗ್ಬೇಕು ಅನ್ನೋ ಹುಚ್ಚು. ಹುಡುಗಿ ಕಣ್ಣಿನ ರೆಪ್ಪೆ ಒಂದೊಂದೂ ಎಣಿಸ್ಬೋದು, ಹಿಂದೆ ಮಾತ್ರ ಬಣ್ಣಬಣ್ಣದ ಉಂಡೆಗಳು. ನೋಡಿದೋರೆಲ್ಲ ಸೂಪರ್ ಬ್ರೋ ಅಂದಿದ್ರು, ನಾನೂ ಎದೆ ಉಬ್ಬಿಸ್ಕೊಂಡು ಓಡಾಡಿದ್ದೆ. ಈಗ ನೋಡಿದ್ರೆ ಆ ಉಂಡೆಗಳಲ್ಲಿ ಒಂದು ಅವ್ರ ತಾತ, ಪಕ್ಕದ್ದು ಅಜ್ಜಿ, ಆಚೆಗಿರೋ ಹಳದಿ ಉಂಡೆ ಯಾರೋ ಸೋದರತ್ತೆ.

ಕೊನೆಗೆ ಸ್ಟೇಜ್ ಫೋಟೋದಲ್ಲಿ ಸಿಕ್ಕಿದ್ರು. ನನ್ನ ಜೊತೆ ಟ್ರೆಡಿಷನಲ್ ಮಾಡೋಕೆ ಬಂದಿದ್ದ ಹಳಬರೊಬ್ರು, ಲೈನಲ್ಲಿ ಬಂದೋರನ್ನೆಲ್ಲ ಗಂಡುಹೆಣ್ಣಿನ ಅಕ್ಕಪಕ್ಕ ನಿಲ್ಲಿಸಿ ಡಪ್ ಡಪ್ ಅಂತ ಫ್ಲ್ಯಾಶ್ ಹೊಡೀತಿದ್ರಲ್ಲ, ಅವ್ರು ತೆಗೆದಿದ್ದು. ಎಡಗಡೆ ತುದೀಲಿ ತಾತ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಕೊಂಡು, ಪೆರೇಡಲ್ಲಿ ನಿಂತಂಗೆ, ನೆಟ್ಟಗೆ ಕ್ಯಾಮೆರಾ ನೋಡ್ತಿದಾರೆ. ಶಾರ್ಪ್. ಅದನ್ನೇ ಕ್ರಾಪ್ ಮಾಡಿ ಕೊಟ್ಟೆ. ಆ ಮದ್ವೇಲಿ ಆ ಹಳಬರಿಗೆ ಸಿಕ್ಕಿದ್ದು ನನ್ನ ಪೇಮೆಂಟಲ್ಲಿ ಕಾಲು ಭಾಗ. ನಂದು ಕ್ಯಾಂಡಿಡ್, ಅಂದ್ರೆ ಪೋಸ್ ಕೊಡಿಸ್ದೆ ತೆಗೆಯೋದು, ಆ ಹೆಸರಿಗೆ ದುಡ್ಡು.

ಅವತ್ತಿಂದ ಒಂದು ಹುಳ ತಲೇಲಿ ಸೇರ್ಕೊಂಡಿದೆ, ಇನ್ನೂ ಹೋಗಿಲ್ಲ. ಅದನ್ನ ಬರೆಯೋಣ ಅಂತ ಕೂತಿದ್ದು.

ನಮ್ಮಪ್ಪನ ಕಾಲದಲ್ಲಿ ಒಂದು ಮದ್ವೆಗೆ ಮೂರು ರೋಲು. ಒಂದ್ರಲ್ಲಿ 36, ಒಟ್ಟು ನೂರಾ ಎಂಟು, ಅಷ್ಟೋತ್ತರ ಇದ್ದಂಗೆ. ಅದಕ್ಕೂ ಮುಂಚೆ ಯಾಶಿಕಾ ಇಟ್ಕೊಂಡಿದ್ರು, ಮೇಲಿಂದ ಬಗ್ಗಿ ನೋಡೋ ಡಬ್ಬ ಕ್ಯಾಮೆರಾ, ಅದ್ರಲ್ಲಿ ಒಂದು ರೋಲಿಗೆ ಬರೀ 12. ಲೆಕ್ಕ ಹಾಕೇ ಹೊಡೀಬೇಕು. ಧಾರೆಗೆ ನಾಲ್ಕು, ತಾಳಿಗೆ ಎರಡು (ಒಂದು ಮಿಸ್ಸಾದ್ರೆ ಇನ್ನೊಂದು ಇರ್ಲಿ ಅಂತ), ಅರುಂಧತಿ ತೋರ್ಸೋಕೆ ಒಂದು, ಉಳಿದಿದ್ದೆಲ್ಲ ಜನಕ್ಕೆ. ಗಂಡಿನ ಕಡೆ ಒಂದು ಗ್ರೂಪು, ಹೆಣ್ಣಿನ ಕಡೆ ಒಂದು, ಸೋದರ ಮಾವಂದ್ರು ಒಂದು. ಯಾರನ್ನಾದ್ರೂ ಬಿಟ್ರೆ ಜಗಳ ಆಗೋದು, ನಿಜವಾದ ಜಗಳ, ಊಟ ಬಿಟ್ಟು ಎದ್ದೋಗೋರು. ಹಾಗಾಗಿ ಆ ನೂರಾ ಎಂಟರಲ್ಲಿ ಮನೆತನದ ಎಲ್ಲಾ ತಲೆನೂ ಒಂದ್ಸಲ ಆದ್ರೂ ಬರ್ತಿತ್ತು, ನೆಟ್ಟಗೆ ನಿಂತು, ಕಣ್ಣು ಬಿಟ್ಟು. ನಾನೀಗ ನಾಲ್ಕು ಸಾವಿರ ಹೊಡೀತೀನಿ, ಅದ್ರಲ್ಲಿ ಮೂರೂವರೆ ಸಾವಿರದಲ್ಲಿ ಅದೇ ಇಬ್ಬರು.

ಇನ್ನೊಂದು ವಿಷಯ. ಫಿಲಂ ರೋಲ್ ಲೋಡ್ ಮಾಡಿದ್ಮೇಲೆ ಮೊದಲ ಒಂದೆರಡು ಫ್ರೇಮು ಲೆಕ್ಕಕ್ಕಿಲ್ಲ, ಬೆಳಕು ಬಿದ್ದು ಅರ್ಧ ಸುಟ್ಟಿರುತ್ತೆ. ಅಪ್ಪ ಅದನ್ನೂ ವೇಸ್ಟ್ ಮಾಡ್ತಿರ್ಲಿಲ್ಲ, ಫ್ಲ್ಯಾಶ್ ಚೆಕ್‌ಗೆ ಅಂತ ನನ್ನನ್ನ ಸ್ಟೇಜ್ ಮೇಲೆ ನಿಲ್ಲಿಸೋರು. ಬೆಳಗ್ಗೆ ಐದೂವರೆಗೆ, ಇನ್ನೂ ಯಾರೂ ಬಂದಿರಲ್ಲ, ಎರಡು ಖಾಲಿ ಸಿಂಹಾಸನದ ಕುರ್ಚಿ ಮಧ್ಯ ನಾನು, ಚಡ್ಡಿ ಹಾಕ್ಕೊಂಡು, ನಿದ್ದೆ ಕಣ್ಣಲ್ಲಿ. ಒಂಟಿ ಹೆಸರಿನ ಥರ್ಮೋಕೋಲ್ ಅಕ್ಷರ ಹಿಂದೆ, ಇನ್ನೊಂದು ಹೆಸರು ಅಂಟಿಸ್ತಾ ಇರ್ತಾರೆ. ನೆಗೆಟಿವ್ ಎಲ್ಲ ಸ್ಟುಡಿಯೋದಲ್ಲೇ ಉಳ್ಕೊಂಡಿರೋದ್ರಿಂದ ಅವೂ ಉಳ್ಕೊಂಡಿವೆ. ನಮ್ಮನೇಲಿ ಯಾರೂ ನನ್ನ ಬಾಲ್ಯದ ಫೋಟೋ ಅಂತ ಬೇರೆ ತೆಗೆದಿಲ್ಲ, ಬೇಕಾಗೂ ಇಲ್ಲ. ಆರನೇ ವಯಸ್ಸಿಂದ ಹದಿನೈದರ ತನಕ ನಾನು ವರ್ಷಕ್ಕೆ ನಲವತ್ತು ಐವತ್ತು ಸಲ ಸಿಗ್ತೀನಿ, ಎಲ್ಲಾ ಬೇರೆಯೋರ ಮದ್ವೇಲಿ, ಒಂದು ಸೈಡು ಕಿತ್ತಳೆ ಬಣ್ಣಕ್ಕೆ ಸುಟ್ಟೋಗಿರೋ ಫ್ರೇಮಲ್ಲಿ.

ಬೇರೆ ಥರದ ಶೂಟೂ ಮಾಡ್ತೀನಿ, ಬರೀ ಮದ್ವೇಲಿ ಹೊಟ್ಟೆ ತುಂಬಲ್ಲ. ರೇಷ್ಮೆ ಸೀರೆ ಕ್ಯಾಟಲಾಗ್ ಮಾಡಿದೀನಿ, ಜರಿ ಇದ್ಯಲ್ಲ ಅದು ಕನ್ನಡಿ ಇದ್ದಂಗೆ, ಲೈಟ್ ಎಲ್ಲಿಟ್ರೂ ಕಣ್ಣಿಗೆ ಹೊಡೆಯುತ್ತೆ, ಬಿಳಿ ಬಟ್ಟೆ ಅಡ್ಡ ಕಟ್ಟಿ ಬೆಳಕನ್ನ ಸೋಸಿ ಬಿಟ್ರೆ ಮಾತ್ರ ದಾರಿಗೆ ಬರುತ್ತೆ. ಆಲೆಮನೆ ಶೂಟ್ ಮಾಡಿದೀನಿ ಬೆಲ್ಲದ ವ್ಯಾಪಾರಿ ಒಬ್ರಿಗೆ, ಕೊಪ್ಪರಿಗೆ ಹತ್ರ ಹೋದ್ರೆ ಹಬೆ ಲೆನ್ಸ್ ಮೇಲೆ ಕೂತು ಒರೆಸಿದ್ರೂ ಅಂಟಂಟು, ಒಳಗಡೆ ಕತ್ತಲು, ಸೂರಿನ ಸಂದೀಲಿ ಬರೋ ಬಿಸಿಲು ಹಬೆ ಮೇಲೆ ಬಿದ್ದಾಗ ಮಾತ್ರ ಆಹಾ. ಲೇಔಟ್ ಸೈಟುಗಳ ಡ್ರೋನ್ ಶಾಟು, ಹೋಟೆಲ್ ಮೆನುಗೆ ಮಸಾಲೆ ದೋಸೆ, ಇವೆಲ್ಲದರ ಬಗ್ಗೆ ಹೇಳೋಕೆ ಏನಿಲ್ಲ. ದೋಸೆ ಆರೋಗಿರುತ್ತೆ, ಅಷ್ಟೇ.

ಹಕ್ಕಿ ಹುಚ್ಚೂ ಸ್ವಲ್ಪ ದಿನ ಇತ್ತು. ರಂಗನತಿಟ್ಟಲ್ಲಿ ದೋಣಿ ಅಲ್ಲಾಡ್ತಿರುತ್ತೆ, ಮೊಸಳೆ ಬಂಡೆ ಮೇಲೆ ಬಾಯ್ಬಿಟ್ಕೊಂಡು ಬಿದ್ದಿರುತ್ತೆ, ಮೊಸಳೆ ಒಂದೇ ನನ್ನ ಅನುಭವದಲ್ಲಿ ಹೇಳ್ದಂಗೆ ಕೇಳೋ ಮಾಡೆಲ್ಲು. ಆದ್ರೆ ನನಗೆ ಹಿಡಿಸಿದ್ದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಕಾಡಿಲ್ಲ, ಟಿಕೆಟ್ ಇಲ್ಲ, ಊರೊಳಗಿನ ಹುಣಸೆ ಮರ, ಆಲದ ಮರದ ಮೇಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ತಾವೆ, ಕೆಳಗೆ ದನದ ಕೊಟ್ಟಿಗೆ, ಪಕ್ಕದಲ್ಲಿ ಟಿವಿ ಸೌಂಡು. ಹೆರಿಗೆಗೆ ತವರಿಗೆ ಬಂದಿರೋ ಹೆಣ್ಮಕ್ಕಳು ಅಂತಾರೆ ಊರೋರು ಅವನ್ನ. ಒಬ್ರ ಮನೆ ತಾರಸಿ ಮೇಲೆ ನಿಂತು ದೊಡ್ಡ ಲೆನ್ಸ್ ಬಾಡಿಗೆಗೆ ತಂದು ಅರ್ಧ ದಿನ ಹೊಡೆದೆ, ತಲೆ ಮೇಲೆ ಪಿಚಕ್ ಅಂತ ಬೀಳ್ತಾನೇ ಇತ್ತು. ಹಕ್ಕಿಗಳು ಆಲ್ಬಂ ಕೇಳಲ್ಲ, ಅಡ್ವಾನ್ಸೂ ಕೊಡಲ್ಲ. ಮನೆಗೆ ಬಂದು ನೋಡಿದ್ರೆ ನಾನು ಜಾಸ್ತಿ ಹೊಡೆದಿದ್ದು ಮರದ ಕೆಳಗೆ ಹುರುಳಿ ಹಸನು ಮಾಡ್ತಾ ಕೂತಿದ್ದ ಮುದುಕೀನ. ಹಕ್ಕಿ ಫೋಟೋ ತೆಗೆಯೋ ಗೆಳೆಯರು ನಕ್ಕರು.

ಪ್ರೀ ವೆಡ್ಡಿಂಗ್ ಅಂದ್ರೆ ಹಳೇ ಫೋಟೋಗ್ರಾಫರುಗಳು ಮೂಗು ಮುರೀತಾರೆ. ನಾನು ಮುರಿಯಲ್ಲ, ನನ್ನ ಕ್ಯಾಮೆರಾ ಇಎಂಐ ಕಟ್ತಿರೋದೇ ಅದು. ಮೇಲುಕೋಟೆ ಕಲ್ಯಾಣಿ, ರಾಯಗೋಪುರದ ಕಂಬಗಳು, ಶ್ರೀರಂಗಪಟ್ಟಣದ ಹೊಳೆ ದಂಡೆ, ಪಾಂಡವಪುರದ ಕುಂತಿಬೆಟ್ಟ, ಒಂದೇ ಬೆಳಗ್ಗೆ ನಾಲ್ಕು ಜೋಡಿ ಒಂದೇ ಮೆಟ್ಟಿಲ ಮೇಲೆ ಒಂದೇ ಥರ ಕೂತಿರ್ತಾರೆ, ನಾವು ಫೋಟೋಗ್ರಾಫರುಗಳು ಒಬ್ರಿಗೊಬ್ರು "ಬ್ರೋ, ಎರಡು ನಿಮಿಷ" ಅಂತ ಜಾಗ ಬಿಟ್ಕೊಡ್ತಿರ್ತೀವಿ. ನಗು ಬರೋದು ಏನಂದ್ರೆ, ನಮ್ಮ ಕಡೆ ಇನ್ನೂ ಎಷ್ಟೋ ಮದ್ವೆ ನೋಡಿ ಮಾಡೋದೇ, ಹುಡುಗ ಹುಡುಗಿ ಮುಖಾಮುಖಿ ಆಗ್ತಿರೋದು ಮೂರನೇ ಸಲ ಇರುತ್ತೆ, ಅಂಥೋರಿಗೆ ನಾನು ಹಣೆಗೆ ಹಣೆ ತಾಗಿಸಿ ಅನ್ಬೇಕು. ಹುಡುಗನಿಗೆ ಕೈ ಎಲ್ಲಿಡ್ಬೇಕು ಗೊತ್ತಾಗಲ್ಲ. ಒಬ್ಬ ಅಂತೂ ನನ್ನ ಹತ್ರ ಬಂದು "ಅಣ್ಣ, ಅವ್ರಿಗೆ ಬೇಜಾರಾಗಲ್ವಾ?" ಅಂತ ಪಿಸುಗುಟ್ಟಿದ. ಒಳ್ಳೆ ಹುಡುಗ. ಅದಕ್ಕೆ ನಾನೊಂದು ಉಪಾಯ ಇಟ್ಕೊಂಡಿದೀನಿ. ಲೆನ್ಸ್ ಬದಲಾಯಿಸ್ಬೇಕು, ಅಷ್ಟರಲ್ಲಿ ನೀವಿಬ್ರೂ ಆ ತುದಿ ಮುಟ್ಟಿ ಬನ್ನಿ ಅಂತೀನಿ. ಹೋಗ್ಬೇಕಾದ್ರೆ ಸುಮ್ನೆ ಹೋಗ್ತಾರೆ. ವಾಪಸ್ ಬರ್ಬೇಕಾದ್ರೆ ಏನೋ ಮಾತಾಡ್ತಿರ್ತಾರೆ. ಆಗ ಹೊಡೆದಿದ್ದೇ ಫೋಟೋ, ಉಳಿದಿದ್ದೆಲ್ಲ ಸ್ಟೇಟಸ್‌ಗೆ.

ಮೈಸೂರು ಅರಮನೆ ಲೈಟಿಂಗ್ ಕೇಳೋರೂ ಜಾಸ್ತಿ. ಭಾನುವಾರ ಸಂಜೆ ಏಳಕ್ಕೆ ಒಂದು ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ಕೊಳ್ಳುತ್ತೆ, ಎಷ್ಟು ಸಲ ನೋಡಿದ್ರೂ ಬಾಯಿಂದ "ಹೋ" ಅಂತ ಬಂದೇ ಬರುತ್ತೆ. ಇದ್ರಲ್ಲಿ ಒಂದು ಸೂಕ್ಷ್ಮ ಇದೆ. ಜೂನಲ್ಲಿ ನಮ್ಮ ಕಡೆ ಸೂರ್ಯ ಮುಳುಗೋದು ಹತ್ತತ್ರ ಆರೂ ಐವತ್ತಕ್ಕೆ, ಅಂದ್ರೆ ಲೈಟ್ ಹತ್ತಿದಾಗ ಆಕಾಶ ಇನ್ನೂ ಗಾಢ ನೀಲಿ ಇರುತ್ತೆ, ಚಿನ್ನದ ಬಣ್ಣದ ಬಲ್ಬಿಗೂ ಆ ನೀಲಿಗೂ ಹೇಳಿ ಮಾಡಿಸಿದ ಜೋಡಿ. ಡಿಸೆಂಬರಲ್ಲಿ ಆರು ಗಂಟೆ ಹೊತ್ತಿಗೇ ಮುಳುಗೋಗುತ್ತೆ, ಏಳಕ್ಕೆ ಆಕಾಶ ಕಾಡಿಗೆ. ದಸರಾ ಟೈಮಲ್ಲೂ ಅಷ್ಟೇ. ಎಲ್ಲರೂ ದಸರಾಕ್ಕೇ ಬಂದು ಹೊಡೆಯೋದ್ರಿಂದ ಅರಮನೆ ಫೋಟೋ ಅಂದ್ರೆ ಕಪ್ಪು ಹಿನ್ನೆಲೆ ಅಂತಾಗಿದೆ, ಅದಕ್ಕೆ ನಾನು ಕೇಳಿದೋರಿಗೆಲ್ಲ ಮಳೆಗಾಲದಲ್ಲಿ ಬನ್ನಿ ಅಂತೀನಿ, ನೆಲ ಒದ್ದೆ ಇದ್ರೆ ಇನ್ನೊಂದು ಅರಮನೆ ಕೆಳಗೂ ಸಿಗುತ್ತೆ. ಮಳೆ ಅಂದ ತಕ್ಷಣ ಹುಡುಗಿ ಕಡೆಯೋರು ಮೇಕಪ್ ಅಂತಾರೆ, ಅಲ್ಲಿಗೆ ಮುಗೀತು.

ಆ ಅರಮನೆಗೂ ಮದ್ವೆಗೂ ಒಂದು ಹಳೇ ನಂಟಿದೆ. ಮುಂಚೆ ಇದ್ದ ಮರದ ಅರಮನೆ ಸುಟ್ಟೋಗಿದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದ್ವೆ ಸಮಯದಲ್ಲೇ. ಈಗಿರೋದು ಹೆನ್ರಿ ಇರ್ವಿನ್ ನಕ್ಷೆ, ಮುಗಿದಿದ್ದು 1912ಕ್ಕೆ. ಒಳಗಡೆ ಕಲ್ಯಾಣ ಮಂಟಪದ ಗೋಡೆ ಸುತ್ತ ದಸರಾ ಮೆರವಣಿಗೆಯ 26 ಚಿತ್ರ ಇದಾವಲ್ಲ, ಅವನ್ನ ಕಲಾವಿದರು ಫೋಟೋಗಳನ್ನ ಆಧಾರ ಇಟ್ಕೊಂಡು ಬರೆದಿದ್ದು. ಹೋದಾಗ ಒಂದ್ಸಲ ನಿಂತು ನೋಡಿ. ಆನೆ, ಕುದುರೆ, ಸಾರೋಟು ಎಲ್ಲ ಇರ್ಲಿ, ಪಕ್ಕದಲ್ಲಿ ನಡೀತಿರೋ ಜನದ ಮುಖ ನೋಡಿ. ಒಂದೊಂದು ಮುಖ ಒಂದೊಂದು ಥರ, ಮೀಸೆ ಬೇರೆ, ಮೂಗು ಬೇರೆ, ಯಾರೂ ಉಂಡೆ ಆಗಿಲ್ಲ. ಯಾರೋ ಪುಣ್ಯಾತ್ಮ ಲೆನ್ಸ್ ಸಣ್ಣ ಮಾಡ್ಕೊಂಡು ಎಲ್ಲಾರ್ನೂ ಫೋಕಸಲ್ಲಿ ಇಟ್ಟಿದಾನೆ.

ಜಂಬೂ ಸವಾರಿ ನಾನು ಎಂಟು ಹತ್ತು ವರ್ಷ ಹೊಡೆದಿದೀನಿ, ಪಾಸ್ ಸಿಕ್ಕಿದ ವರ್ಷ ಒಳಗಿಂದ, ಸಿಗದಿದ್ದ ವರ್ಷ ಸಯ್ಯಾಜಿರಾವ್ ರಸ್ತೆ ಯಾವುದೋ ಅಂಗಡಿ ಮಹಡಿಯಿಂದ. ಎಲ್ಲರ ಕಣ್ಣೂ 750 ಕೆಜಿ ಅಂಬಾರಿ ಮೇಲೆ, ನಂದೂ ಅಲ್ಲೇ. 2012ರಿಂದ 2019ರ ತನಕ ಅಂಬಾರಿ ಹೊತ್ತಿದ್ದು ಅರ್ಜುನ. 2023ರ ಡಿಸೆಂಬರಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅವನು ಸತ್ತ ಸುದ್ದಿ ಬಂತಲ್ಲ, ಮಾರನೇ ದಿನ ಬೆಳಗ್ಗೆ ನಮ್ಮ ಬೀದಿ ಹುಡುಗ್ರು ಸ್ಟುಡಿಯೋ ಹತ್ರ. "ಅಣ್ಣ, ಅರ್ಜುನಂದು ಫೋಟೋ ಕೊಡಿ, ಫ್ಲೆಕ್ಸ್ ಹಾಕಿಸ್ಬೇಕು." ಅಂಬಾರಿ ಇರೋದು ಕೊಟ್ಟೆ. "ಇದಲ್ಲಣ್ಣ, ಬರೀ ಅವನು. ಮುಖ ಕಾಣ್ಬೇಕು." ಹುಡುಕಿದೆ ನೋಡಿ, ನೂರಾರು ಫೋಟೋ, ಎಲ್ಲಾದ್ರಲ್ಲೂ ಅಂಬಾರಿ ಮಧ್ಯಕ್ಕಿಟ್ಟು ಹೊಡೆದಿದೀನಿ, ಆನೆ ಕೆಳಗೆ ಅರ್ಧ, ಮುಖಕ್ಕೆಲ್ಲ ಬಣ್ಣ ಬಳಿದಿದೆ, ಮೇಲಿಂದ ನಮದಾ ಅನ್ನೋ ಮೆತ್ತೆ, ಜೂಲು. ಅವನು ಹೇಗಿದ್ದ ಅಂತ ಗೊತ್ತಾಗೋ ಫೋಟೋ ಒಂದೇ ಒಂದು ಸಿಕ್ತು, ತಾಲೀಮಿನ ದಿನದ್ದು, ಮಾವುತ ಪಕ್ಕದಲ್ಲಿ ಬೀಡಿ ಹಚ್ತಿದಾನೆ, ಇವನು ಕಣ್ಣು ಅರ್ಧ ಮುಚ್ಕೊಂಡು ನಿಂತಿದಾನೆ. ಅದನ್ನೂ ನಾನು ಲೈಟ್ ನೋಡೋಕೆ ಅಂತ ಹೊಡೆದಿದ್ದು.

ಮತ್ತೆ ಅದೇ ಕಥೆ.

ಪಾಸ್‌ಪೋರ್ಟ್ ಫೋಟೋ ಬಗ್ಗೆ ಹೇಳ್ಲೇಬೇಕು. ಎಲ್ಲರೂ ಅದನ್ನ ಕೆಲ್ಸಾನೇ ಅಲ್ಲ ಅಂತಾರೆ. ಸ್ಟುಡಿಯೋ ಒಳಗೆ ಮೊಳೆಗೆ ನೇತಾಕಿರೋ ಒಂದು ಕೋಟು, ರೆಡಿಮೇಡ್ ಗಂಟಿನ ಟೈ, ದಾರ ಕಟ್ಟಿರೋ ಬಾಚಣಿಗೆ, ಪೌಡರ್ ಡಬ್ಬಿ, ಇಷ್ಟು ಎಲ್ಲಾ ಊರಿನ ಸ್ಟುಡಿಯೋದಲ್ಲೂ ಇರ್ತಿತ್ತು. ನಮ್ಮ ಕೋಟು ನೇವಿ ಬ್ಲೂ. ದಪ್ಪ ಇರೋರಿಗೆ ಗುಂಡಿ ಹಾಕ್ತಿರ್ಲಿಲ್ಲ, ಸಣ್ಣ ಇರೋರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು. ನಮ್ಮ ತಾಲ್ಲೂಕಲ್ಲಿ ಎಷ್ಟು ಜನ ಪದವೀಧರರು ಅದೇ ಕೋಟಲ್ಲಿ ಇಂಟರ್ವ್ಯೂಗೆ ಅರ್ಜಿ ಹಾಕಿದಾರೋ. ಮುದುಕ್ರು ಬರೋದು ಪಿಂಚಣಿಗೆ. ಸಂಧ್ಯಾ ಸುರಕ್ಷಾ ಶುರುವಾದ ಮೇಲೆ, 2007ರ ನಂತರ, ಹಳ್ಳಿಯಿಂದ ಬಸ್ಸಲ್ಲಿ ಬಂದು ಸಾಲಾಗಿ ಬೆಂಚ್ ಮೇಲೆ ಕೂತಿರೋರು. ಅವರು ಸ್ಟೂಲ್ ಮೇಲೆ ಕೂತ್ಕೊಂಡ್ರೆ ನಾನು "ಗದ್ದ ಸ್ವಲ್ಪ ಕೆಳಗೆ, ಕಿವಿ ಕಾಣ್ಲಿ" ಅಂತೀನಿ, ಅವರು ಉಸಿರು ಬಿಗಿ ಹಿಡಿದು ಹೊಡೆಸ್ಕೊಳ್ಳೋರು, ಇಂಜೆಕ್ಷನ್ ಕೊಡಿಸ್ಕೊಂಡಂಗೆ. ಹೋಗ್ಬೇಕಾದ್ರೆ ನಾಲ್ಕು ಕಾಪಿ ಜೇಬಿಗೆ. ಆಮೇಲೆ ಹತ್ತು ವರ್ಷಕ್ಕೆ ಆ 35ಕ್ಕೆ 45 ಮಿಲಿಮೀಟರಿನ ಫೋಟೋನೇ ಗೋಡೆ ಮೇಲೆ ಹಾರ ಹಾಕಿಸ್ಕೊಂಡು ಕೂತಿರುತ್ತೆ. ಆಧಾರ್ ಬಂದ್ಮೇಲೆ ಫೋಟೋ ಅವರೇ ತೆಗೀತಾರೆ, ಕಂಪ್ಯೂಟರ್ ಮೇಲಿನ ಪುಟ್ಟ ಕ್ಯಾಮೆರಾದಲ್ಲಿ. ಆ ಫೋಟೋ ಹೇಗಿರುತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ, ನಿಮ್ಮದೇ ತೆಗೆದು ನೋಡ್ಕೊಳ್ಳಿ. ಈಗ ತಿಥಿಗೆ ಅಂತ ಅದನ್ನೇ ಹಿಡ್ಕೊಂಡು ಬರ್ತಾರೆ.

ಇನ್ನೊಂದು ಹೊಸ ಕಾಟ ಎಐ. ಗ್ರೂಪ್ ಫೋಟೋದಲ್ಲಿ ಸಾಸಿವೆ ಕಾಳಿನಷ್ಟು ಕಾಣೋ ಮುಖಾನ ತಂದು "ಎಐ ಹಾಕಿ ಕ್ಲಿಯರ್ ಮಾಡ್ಕೊಡಿ" ಅಂತಾರೆ. ಒಬ್ರಿಗೆ ಮಾಡ್ಕೊಟ್ಟೆ. ಚರ್ಮದ ಸುಕ್ಕೂ ಬಂತು, ಕಣ್ಣಲ್ಲಿ ಹೊಳಪೂ ಬಂತು, ನೋಡಿದ್ರೆ ನಿಜವಾದ ಮನುಷ್ಯನೇ. ಗಂಡು ಮಕ್ಕಳಿಗೆಲ್ಲ ಖುಷಿ. ಅವರ ಹಿರಿ ಮಗಳು, ಐವತ್ತು ದಾಟಿದ ಹೆಂಗಸು, ಸ್ಕ್ರೀನ್ ಹತ್ರ ಬಗ್ಗಿ ತುಂಬ ಹೊತ್ತು ನೋಡಿ, "ಯಾರೋ ದೊಡ್ಡೋರು, ಕೈ ಮುಗೀಬೋದು. ಆದ್ರೆ ನಮ್ಮಪ್ಪ ಅಲ್ಲ ಕಣಪ್ಪ" ಅಂದ್ರು. ವಾಪಸ್ ಆ ಮಸುಕು ಫೋಟೋನೇ ಪ್ರಿಂಟ್ ಹಾಕಿಸ್ಕೊಂಡು ಹೋದ್ರು. ಅವತ್ತಿಂದ ನಾನು ಎಐ ಮುಖ ಮಾಡಲ್ಲ. ಪಕ್ಕದ ರಸ್ತೇಲಿ ಮಾಡ್ಕೊಡ್ತಾರೆ, ಅಲ್ಲಿಗೆ ಕಳಿಸ್ತೀನಿ.

ಸಾವಿನ ಮನೆ ಶೂಟಿಗೆ ನಾನು ಮೊದಲು ಹೋಗಿದ್ದು ಅಪ್ಪನ ಜೊತೆ, ಹತ್ತು ವರ್ಷ ಇರ್ಬೋದು. ಈಗಿನೋರಿಗೆ ವಿಚಿತ್ರ ಅನ್ನಿಸ್ಬೋದು, ಆದ್ರೆ ಆಗ ಬದುಕಿದ್ದಾಗ ಫೋಟೋ ತೆಗೆಸ್ಕೊಳ್ದೇ ಹೋದೋರು ತುಂಬ ಜನ, ಅಂಥೋರಿಗೆ ಅದೇ ಮೊದಲನೇದು ಅದೇ ಕೊನೇದು. ನಮ್ಮ ಕಡೆ ಹೆಣಾನ ಕೂರ್ಸ್ತಾರಲ್ಲ, ಜಗಲಿ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ರು, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ಕಾಸು ಅಂಟಿಸಿ, ಹೂವಿನ ಹಾರ. ಸುತ್ತ ಮನೆಯೋರೆಲ್ಲ ನಿಂತ್ರು. ಅಳು ನಿಂತೋಯ್ತು. ಅದು ನನಗೆ ಇವತ್ತಿಗೂ ಆಶ್ಚರ್ಯ, ಕ್ಯಾಮೆರಾ ಎತ್ತಿದ ತಕ್ಷಣ ಅಷ್ಟು ಹೊತ್ತು ಎದೆ ಬಡ್ಕೊಂಡು ಅಳ್ತಿದ್ದೋರು ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ನಿಂತ್ರು. ಅಪ್ಪ ಮದ್ವೇಲಿ ಕೂಗೋ ಹಾಗೆ "ರೆಡಿ" ಅನ್ಲಿಲ್ಲ. ಬಾಯೇ ತೆಗೀಲಿಲ್ಲ, ಎಡಗೈ ಸ್ವಲ್ಪ ಎತ್ತಿದ್ರು ಅಷ್ಟೇ. ಫ್ಲ್ಯಾಶೂ ಹಾಕ್ಲಿಲ್ಲ, ಮೋಡ ಸರಿಯೋ ತನಕ ಕಾದ್ರು. ಎರಡೇ ಫ್ರೇಮು. ಆಮೇಲೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಚಪ್ಪಲಿ ಬಿಟ್ಟು ಹೋಗಿ ಕೈ ಮುಗಿದು ಬಂದ್ರು. ಒಂದು ಹೆಜ್ಜೆ ಹಿಂದೆ ಬಂದಿದ್ದೇ ತಡ ಅಳು ಮತ್ತೆ ಶುರುವಾಯ್ತು. ಸಾವಿನ ಮನೆ ದುಡ್ಡನ್ನ ಹನ್ನೊಂದನೇ ದಿನ ಕಳೆಯೋ ತನಕ ಅಪ್ಪ ಕೇಳ್ತಿರ್ಲಿಲ್ಲ, ಎಷ್ಟೋ ಬಂದೂ ಇಲ್ಲ.

ಈಗ ಯಾರೂ ಅದಕ್ಕೆ ಕರೆಯಲ್ಲ, ಮೊಬೈಲಲ್ಲೇ ಆಗೋಗುತ್ತೆ. ಕರೆದಿದ್ರೆ ಹೋಗ್ತಿದ್ನಾ ಗೊತ್ತಿಲ್ಲ.

2014ರ ಆ ತಾತನ ಫೋನ್ ಆದ್ಮೇಲೆ ನಾನೊಂದು ಕೆಲ್ಸ ಶುರು ಮಾಡಿದೆ. ಮದ್ವೆ ದಿನ ಬೆಳಗ್ಗೆ ಆರರಿಂದ ಏಳರ ಮಧ್ಯ, ಹುಡುಗಿ ಇನ್ನೂ ಮೇಕಪ್ ರೂಮಲ್ಲಿರ್ತಾಳೆ, ಸ್ಟೇಜ್ ಮೇಲಿನ ನೇರಳೆ ಲೈಟು ಇನ್ನೂ ಆನ್ ಆಗಿರಲ್ಲ. (ಆ ನೇರಳೆ ಲೈಟ್ ಕಂಡುಹಿಡಿದೋನು ಸಿಕ್ಕಿದ್ರೆ ನಾಲ್ಕು ಮಾತು ಕೇಳೋದಿದೆ, ಅರಿಶಿಣ ಹಚ್ಚಿದ ಮುಖ ಅದ್ರಲ್ಲಿ ಬದನೆಕಾಯಿ ಥರ ಬರುತ್ತೆ.) ವಯಸ್ಸಾದೋರು ಮಾತ್ರ ಎದ್ದು ಸ್ನಾನ ಮುಗಿಸಿ ಕಿಟಕಿ ಪಕ್ಕ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಾಫಿ ಕುಡೀತಾ ಕೂತಿರ್ತಾರೆ. ಅವರನ್ನ ಯಾರೂ ಮಾತಾಡಿಸ್ತಾ ಇರಲ್ಲ, ಎಲ್ಲರಿಗೂ ಕೆಲ್ಸ. ಕಿಟಕಿ ಬೆಳಕು ಒಂದು ಪಕ್ಕಕ್ಕೆ ಬಿದ್ದಿರುತ್ತೆ. 50 ಎಂಎಂ, ಎಫ್ 5.6, ಎರಡೂ ಕಿವಿ ಫೋಕಸಲ್ಲಿ. ಒಬ್ಬೊಬ್ರದ್ದು ಒಂದೊಂದು, ನೇರ. ಪ್ಯಾಕೇಜಲ್ಲಿ ಇದನ್ನ ಹೇಳಲ್ಲ, ಆಲ್ಬಮ್ಮಿಗೂ ಹಾಕಲ್ಲ, ಹಿರಿಯರು ಅಂತ ಬೇರೆ ಫೋಲ್ಡರ್ ಮಾಡಿ ಇಟ್ಕೋತೀನಿ. ಜೊತೆಗೆ ಬರೋ ಹುಡುಗ ಮೊದಮೊದಲು "ಅಣ್ಣ, ಇದ್ಯಾಕೆ?" ಅಂತಿದ್ದ, ಈಗ ಅವನೇ "ಅಣ್ಣ, ಆ ಮೂಲೇಲಿ ಇನ್ನೊಬ್ರು ಅವ್ರೆ" ಅಂತ ತೋರಿಸ್ತಾನೆ.

ಎಲ್ಲರೂ ಸುಮ್ನೆ ಕೂರ್ತಾರೆ ಅಂತಲ್ಲ. ಹಲ್ಲಿಲ್ಲ ಬೇಡ ಅಂತಾರೆ, ಗಂಡ ಹೋದೋಳು ನಾನು, ಶುಭಕಾರ್ಯದಲ್ಲಿ ನಂದ್ಯಾಕೆ ಅಂತ ಮುಖ ತಿರುಗಿಸ್ತಾರೆ. ಅಂಥೋರ್ನ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳ್ತೀನಿ. ನಾಗಮಂಗಲದ ಕಡೆಯ ಒಂದು ಮದ್ವೇಲಿ ಒಬ್ರು ಅಜ್ಜಿ, ಎಲೆ ಅಡಿಕೆ ಕುಟ್ತಾ ಕೂತಿದ್ರು, ಕಪ್ಪು ದಪ್ಪ ಫ್ರೇಮಿನ ಕನ್ನಡಕ, ಅರ್ಧ ಮುಖ ಅದೇ ಇತ್ತು. ನಾನು ಎದುರಿಗೆ ಮಂಡಿ ಊರಿದೆ.

"ಯಾಕ್ ಮಗಾ, ಮದ್ಲಗಿತ್ತಿ ಆ ಕಡೆ ಅವ್ಳೆ. ನನ್ನೇನ್ ತೆಗ್ದೀಯ?"

"ಸುಮ್ನೆ ಕಣಜ್ಜಿ. ಒಂದು ಇರ್ಲಿ ಅಂತ."

ಕುಟ್ಟೋದು ನಿಲ್ಸಿದ್ರು. "ತಿಥಿಗಾ?"

ಆರೇಳು ವರ್ಷದಲ್ಲಿ ಯಾರೂ ಹಾಗೆ ಕೇಳಿರ್ಲಿಲ್ಲ. ಅಯ್ಯೋ ಅದಕ್ಕಲ್ಲ ಕಣಜ್ಜಿ, ಏನೋ ನೆನಪಿಗೆ, ಅಂತ ತಡವರಿಸಿದೆ.

"ಸುಳ್ ಯೋಳ್ಬ್ಯಾಡ ಕಣ್ಲಾ. ನಮ್ ಯಜಮಾನ್ರು ಹೋದಾಗ ಒಂದ್ ಫೋಟ ಸಿಕ್ನಿಲ್ಲ, ಓಟಿನ್ ಕಾರ್ಡಲ್ಲಿದ್ದುದ್ನ ದೊಡ್ಡುದ್ ಮಾಡ್ಸಿ ನೇತಾಕವ್ರೆ, ಕಳ್ಳನ್ ಕಂಡಂಗ್ ಕಾಣ್ತರೆ. ತಾಳು ವಸಿ." ಸೆರಗಲ್ಲಿ ಬಾಯಿ ಒರೆಸ್ಕೊಂಡ್ರು, ತಲೆ ಮೇಲೆ ಕೈಯಾಡಿಸಿದ್ರು, ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಕೊಂಡ್ರು. "ಇದ್ ಬ್ಯಾಡ. ಇದು ಆಪ್ರೇಸನ್ ಆದ್ಮೇಕೆ ಬಂದುದ್ದು, ನಂದಲ್ಲ."

ಕನ್ನಡಕ ಇಲ್ದೆ ಅವ್ರಿಗೆ ನಾನು ಕಾಣಿಸ್ತಿದ್ದೆನೋ ಇಲ್ವೋ. ಕಣ್ಣು ಸ್ವಲ್ಪ ಕಿರಿದು ಮಾಡಿ, ನನ್ನ ಹಿಂದೆ ಎಲ್ಲೋ ದೂರ ನೋಡಿದ್ರು. ಹೊಡೆದೆ. ತೋರಿಸಿ ಅಂತ ಕೇಳ್ಲಿಲ್ಲ. ಮತ್ತೆ ಕನ್ನಡಕ ಹಾಕ್ಕೊಂಡು ಕುಟ್ಟೋಕೆ ಶುರು ಮಾಡಿದ್ರು.

ಎರಡು ವರ್ಷ ಆದ್ಮೇಲೆ, ಹೋದ ಆಷಾಢದಲ್ಲಿ ಫೋನ್ ಬಂತು. ಮೊಮ್ಮಗ. ಈ ಸಲ ಹುಡುಕೋಕೆ ಒಂದು ನಿಮಿಷವೂ ಬೇಕಾಗ್ಲಿಲ್ಲ, ಹಿರಿಯರು ಫೋಲ್ಡರ್ ತೆಗೆದೆ, ಇತ್ತು, ವಾಟ್ಸಾಪಲ್ಲಿ ಕಳಿಸಿದೆ. ಅವನು ಖುಷಿ ಪಡ್ತಾನೆ ಅಂತ ಸ್ವಲ್ಪ ಜಂಬದಲ್ಲೇ ಕಾಯ್ತಾ ಕೂತಿದ್ದೆ ಅಂತ ಒಪ್ಕೋತೀನಿ. ಹತ್ತು ನಿಮಿಷಕ್ಕೆ ವಾಪಸ್ ಫೋನ್.

"ಅಣ್ಣ, ಫೋಟೋ ಚೆನ್ನಾಗೈತೆ. ಆದ್ರೆ ಮನೇಲಿ ಯಾರ್ಗೂ ಅಜ್ಜಿ ಅನ್ನಿಸ್ತಿಲ್ಲ. ನಾವು ಹುಟ್ಟಿದಾಗಿಂದ ಕನ್ನಡಕದಲ್ಲೇ ನೋಡಿರೋದು. ಎಡಿಟಲ್ಲಿ ಕನ್ನಡಕ ಹಾಕೋಕಾಯ್ತದಾ?"

ಆಗುತ್ತೆ. ಐದು ನಿಮಿಷದ ಕೆಲ್ಸ. ಆದ್ರೆ ಅವತ್ತು ಅಜ್ಜಿ ಏನಂದ್ರು ಅಂತ ಅವನಿಗೆ ಹೇಳ್ದೆ, ತಿಥಿಗಾ ಅಂತ ಕೇಳಿದ್ದು, ನಂದಲ್ಲ ಅಂದಿದ್ದು, ಎಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಸೌಂಡಿಲ್ಲ. "ನಮ್ಮವ್ವನ್ನ ಕೇಳಿ ಯೋಳ್ತೀನಿ" ಅಂತ ಇಟ್ಟ. ರಾತ್ರಿ ಒಂದು ಮೆಸೇಜ್ ಬಂತು, "ಹಂಗೇ ಇರ್ಲಿ ಬುಡಿ ಅಣ್ಣ."

12ಕ್ಕೆ 18 ಇಂಚು ಪ್ರಿಂಟು. ಫ್ರೇಮ್ ಅಂಗಡಿಯೋನು ಕರೆಂಟಿಲ್ಲ ಅಂತ ಲೇಟ್ ಮಾಡಿದ, ತಿಥಿ ದಿನ ಬೆಳಗ್ಗೆ ನಾನೇ ಬೈಕ್ ಮೇಲೆ ಹಿಂದುಗಡೆ ಹುಡುಗನ್ನ ಕೂರಿಸ್ಕೊಂಡು, ಅವನು ಫ್ರೇಮ್ ತಬ್ಬಿಕೊಂಡು, ತಗೊಂಡು ಹೋದ್ವಿ. ಮನೆ ಮುಂದೆ ಚಪ್ಪರ, ಒಲೆ ಹೊಗೆ. ಮಗಳು ಬಂದು ಫ್ರೇಮ್ ಇಸ್ಕೊಂಡು, ಸೆರಗಲ್ಲಿ ಗಾಜು ಒರೆಸಿ, ನಡುಮನೇಲಿ ಗೋಡೆಗೆ ಒರಗಿಸಿ ಇಟ್ರು. ಪಕ್ಕದಲ್ಲೇ ಮೊಳೆಗೆ ಅವ್ರ ಯಜಮಾನ್ರ ಓಟಿನ ಕಾರ್ಡಿನ ಫೋಟೋ ಇತ್ತು, ಅಜ್ಜಿ ಹೇಳಿದ್ದು ಸುಳ್ಳಲ್ಲ. ಊಟ ಮಾಡ್ಕೊಂಡೇ ಹೋಗ್ಬೇಕು ಅಂತ ಕೂರಿಸಿದ್ರು. ಎಡೆ ಇಟ್ಟ ಮೇಲೆ ಎಲ್ಲರೂ ಒಬ್ಬೊಬ್ರಾಗಿ ಹೋಗಿ ಧೂಪ ಹಾಕ್ತಿದ್ರು, ನನ್ನನ್ನೂ ಕರೆದ್ರು, ಹೋದೆ. ಬಾಳೆಲೆ ಮೇಲೆ ಅವ್ರಿಗೆ ಇಷ್ಟ ಆಗೋದೆಲ್ಲ ಬಡಿಸಿದ್ರು, ಲೋಟದಲ್ಲಿ ಕಾಫಿ, ಪಕ್ಕದಲ್ಲಿ ಎಲೆ ಅಡಿಕೆ, ಸುಣ್ಣದ ಡಬ್ಬಿ, ಕುಟ್ಟಾಣಿ. ಅದರ ಮುಂದೆ, ಕಡ್ಡಿ ಎರಡೂ ಮಡಿಸಿ, ಆ ಕಪ್ಪು ಕನ್ನಡಕ.